ಮನೋಳಿಯ ಹೊಲದಲ್ಲೊಂದು ಉದ್ಘಾಟನೆ

ಕೃಷಿ ಇಲಾಖೆಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಆಗಾಗ ಬೈಲಹೊಂಗಲದ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿಯುತ್ತಾರೆ, ಹಚ್ಚಿದ ಅವಲಕ್ಕಿ ತಿನ್ನುತ್ತಾರೆ. ಆಮೇಲೆ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ, "ಸರ, ನೀವು ಆಫ್ರಿಕಾದಾಗ ಎರಡು ವರ್ಷ ಇದ್ರಂತಲ್ಲ, ಹೆಂಗಿತ್ರಿ? ಹುಲಿ ಸಿಂಹ ನೋಡಿದ್ರೇನ್ರಿ?" ಹುಲಿ ಆ ಕಡೆ ಇಲ್ಲವೇ ಇಲ್ಲ, ಸಿಂಹ ನನ್ನ ಕಣ್ಣಿಗೆ ಬೀಳಲಿಲ್ಲ, ನಾನು ನೋಡಿದ್ದು ಎತ್ತು ಎಂದರೆ ಅವರ ಮುಖ ಸಪ್ಪಗಾಗುತ್ತದೆ. ಅಲ್ಲಿಂದ ತಿರುಗಿ ಬಂದ ಮೇಲೆ ಏನಾಯಿತು ಎಂದು ಮಾತ್ರ ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳದಿದ್ದರೂ ಹೇಳಬೇಕೆಂದು ಬರೆಯಲು ಕುಳಿತಿದ್ದೇನೆ. ಯಾವ ಸಾಹೇಬರು ಯಾವಾಗ ಬಡ್ತಿ ಕೊಟ್ಟರು, ಯಾರು ತಪ್ಪಿಸಿದರು ಎನ್ನುವ ಪುರಾಣ ನಿಮಗೆ ಬೇಡ. ಅದನ್ನು ನಮ್ಮ ಪಿಂಚಣಿದಾರರ ಕಟ್ಟೆಗೆ ಬಂದರೆ ಬೇಕಾದಷ್ಟು ಕೇಳಬಹುದು.

ನಮ್ಮದು ಜೋಶಿ ಮನೆತನ. ಅಜ್ಜ ಪಂಚಾಂಗ ನೋಡಿ ಮುಹೂರ್ತ ಹೇಳುತ್ತಿದ್ದರು, ಅಪ್ಪ ಪುರಾಣ ಓದುತ್ತಿದ್ದರು. ನಾನು ಮಾತ್ರ ಕೃಷಿ ಸಹಾಯಕನಾಗಿ ಕಿತ್ತೂರಿನ ಹತ್ತಿರದ ಬೀಜೋತ್ಪಾದನಾ ಕ್ಷೇತ್ರಕ್ಕೆ ಸೇರಿಕೊಂಡೆ. ಅಲ್ಲಿ ಸರಕಾರಿ ಎತ್ತುಗಳಿದ್ದವು. ನನಗೆ ಆ ಎತ್ತುಗಳ ಹುಚ್ಚು ಹಿಡಿಯಿತು. ಹೋರಿ ಪಳಗಿಸುವುದು, ನೊಗ ಹೂಡುವುದು, ರಂಟೆ ಹೊಡೆದು ಉಳುವುದು, ಕೂರಿಗೆ ಹಿಡಿದು ಬಿತ್ತುವುದು ಎಲ್ಲವನ್ನೂ ಕಲಿತೆ. ಜೋಶಿಯವರ ಮಗ ಜನಿವಾರ ಹಾಕಿಕೊಂಡು ಎತ್ತಿನ ಬಾಲ ಮುರಿಯುತ್ತಾನೆ ಎಂದು ಕಿತ್ತೂರಿನ ಪ್ಯಾಟಿಯಲ್ಲಿ ನಗುತ್ತಿದ್ದರು. ನಗಲಿ ಬಿಡಿ, ನನ್ನ ನೌಕರಿಯಲ್ಲಿ ನಾನು ನಿಜವಾಗಿ ಬಲ್ಲ ವಿದ್ಯೆ ಅದೊಂದೇ ಆಗಿತ್ತು.

ಆದರೆ ಆ ವಿದ್ಯೆಗೆ ಇಲಾಖೆಯಲ್ಲಿ ಬಹಳ ದಿನ ಕೆಲಸವಿರಲಿಲ್ಲ. ಟ್ರ್ಯಾಕ್ಟರ್ ಬಂದವು, ಸಬ್ಸಿಡಿ ಬಂತು, ಎತ್ತು ಹೋದವು. ನಮ್ಮ ಕೆಲಸ ನಿಧಾನವಾಗಿ ಒಂದೇ ಕೆಲಸವಾಯಿತು, ಅದು ಕಾರ್ಯಕ್ರಮ. ಮಣ್ಣು ಪರೀಕ್ಷೆಯ ಕಾರ್ಯಕ್ರಮ, ಬೀಜೋಪಚಾರದ ಕಾರ್ಯಕ್ರಮ, ಎರೆಹುಳದ ಕಾರ್ಯಕ್ರಮ. ಶಾಮಿಯಾನ ಹಾಕು, ಖುರ್ಚಿ ತರಿಸು, ಹಾರ ತರಿಸು, ಪ್ರಾರ್ಥನೆ ಹಾಡುವ ಹುಡುಗಿಯರನ್ನು ಸಾಲಿಯಿಂದ ಕರೆಸು. ಮೂರು ತಾಲೂಕಿನಲ್ಲಿ ಯಾವ ಶಾಮಿಯಾನದವನ ಖುರ್ಚಿಯ ಕಾಲು ಅಲುಗಾಡುತ್ತವೆ ಎನ್ನುವುದು ನನಗೆ ಬಾಯಿಪಾಠವಾಗಿತ್ತು.

ಇದರ ಒಂದು ಫಜೀತಿ ಹೇಳುತ್ತೇನೆ. ರಾಮದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ಹತ್ತಿ ಬೆಳೆಯ ಮೇಲೆ ನನ್ನ ಭಾಷಣವಿತ್ತು. ಬಸ್ಸು ತಡವಾಗಿ, ಓಡುತ್ತ ಹೋಗಿ ಕಂಡ ಶಾಮಿಯಾನದೊಳಗೆ ನುಗ್ಗಿದೆ. ಯಾರೋ ಕೈಹಿಡಿದು ವೇದಿಕೆ ಹತ್ತಿಸಿದರು, ಹಾರ ಹಾಕಿದರು, ಮೈಕು ಕೊಟ್ಟರು. ನಾನು ಕಾಯಿಕೊರಕ ಹುಳದ ಮೇಲೆ ಶುರು ಮಾಡಿಯೇಬಿಟ್ಟೆ. ಜನ ಬಹಳ ಶಾಂತವಾಗಿ ಕೇಳಿದರು. ಗೊಬ್ಬರದ ತಿಪ್ಪೆಯವರೆಗೆ ಬಂದಾಗ ಹಿರಿಯರೊಬ್ಬರು ಕಿವಿಯ ಹತ್ತಿರ ಬಾಗಿ, "ಸರ, ಇನ್ನ ಅಕ್ಕಿಕಾಳು ಹಾಕೂದೈತಿ, ಮುಗಸ್ರಿ" ಎಂದರು. ಹಿಂತಿರುಗಿ ನೋಡಿದರೆ ಹಿಂದೆ ಮದುಮಗ ಮದುಮಗಳು ಕುಳಿತಿದ್ದರು. ಹೆಣ್ಣಿನವರು ನನ್ನನ್ನು ಗಂಡಿನ ಕಡೆಯ ದೊಡ್ಡ ಮನುಷ್ಯ ಎಂದುಕೊಂಡಿದ್ದರಂತೆ. ಊಟ ಮಾಡಿಸಿಯೇ ಕಳಿಸಿದರು. ಈ ಕಥೆಯನ್ನು ಹೇಳಿ ಎಷ್ಟೋ ಸಲ ನಗಿಸಿದ್ದೇನೆ. ಈಗ ಹೇಳುವಾಗ ನನಗೇ ನಗು ಬರುವುದಿಲ್ಲ. ಶಾಮಿಯಾನ ಕಂಡಲ್ಲಿ ವೇದಿಕೆ ಹತ್ತುವ ಆ ಚಟ ಆಗಲೇ ಮೈಯಲ್ಲಿ ಇಳಿದಿತ್ತು.

ನೌಕರಿಯ ಕೊನೆಯ ಕೆಲವು ವರ್ಷ ಉಳಿದಿದ್ದಾಗ ಒಂದು ಸ್ವಯಂಸೇವಾ ಸಂಸ್ಥೆಯವರು ಎತ್ತು ಪಳಗಿಸಲು ಬರುವವರನ್ನು ಹುಡುಕುತ್ತಿದ್ದರು. ಮಲಾವಿ ಎನ್ನುವ ದೇಶ. ನಮ್ಮ ಮೇಲಿನ ಪಾಟೀಲ ಸಾಹೇಬರು ಒಳ್ಳೆಯ ಮನುಷ್ಯರು, ಸಂಬಳವಿಲ್ಲದ ರಜೆಗೆ ಓಡಾಡಿ ಮಂಜೂರಾತಿ ತಂದುಕೊಟ್ಟರು. ಹೆಂಡತಿ ಸುಧಾ, "ಹೋಗ್ರಿ. ಇಲ್ಲೆ ನಿಮ್ಮ ಎತ್ತಿನ ಮಾತು ಕೇಳಾವ್ರು ಯಾರೂ ಉಳದಿಲ್ಲ, ಅಲ್ಲ್ಯರ ಕೇಳ್ತಾರೇನು ನೋಡ್ರಿ" ಎಂದಳು. ಚೇಷ್ಟೆಯೋ ಸಿಟ್ಟೋ ಗೊತ್ತಾಗಲಿಲ್ಲ.

ಆ ಊರಿನಲ್ಲಿ ಕೆಂಪು ಮಣ್ಣು. ಗೋವಿನಜೋಳವೇ ಬೆಳೆ, ಅದರ ಹಿಟ್ಟಿನ ಗಟ್ಟಿ ಮುದ್ದೆಯೇ ಮೂರು ಹೊತ್ತಿನ ಊಟ. ಎತ್ತುಗಳಿದ್ದವು, ಆದರೆ ಬಂಡಿಗೆ ಮಾತ್ರ. ಹೊಲವನ್ನೆಲ್ಲ ಹೆಂಗಸರು ಬಾಗಿ ಬಾಗಿ ಗುದ್ದಲಿಯಿಂದ ಮಣ್ಣಿನ ಏರಿ ಎಳೆಯುತ್ತಿದ್ದರು. ಆ ಭಾಗದಲ್ಲಿ ಹೊಲ ತಾಯಿಯಿಂದ ಮಗಳಿಗೆ ಬರುತ್ತದೆ, ಗಂಡ ಹೆಂಡತಿಯ ಊರಿಗೆ ಬಂದು ಇರುತ್ತಾನೆ. ಹಾಗಾಗಿ ಎತ್ತು ಕಲಿಯಲು ಬಂದವರೂ ಹೆಂಗಸರೇ. ನನಗೆ ಭಾಷೆ ಬಾರದು, ಭಾಷಣದ ದಾರಿ ಕಟ್ಟಾಗಿತ್ತು. ಕೈ ಹಿಡಿದು ತೋರಿಸುವುದು, ಜೊತೆಗೆ ನಡೆಯುವುದು, ಇಷ್ಟೇ ಉಳಿದದ್ದು. ಎತ್ತುಗಳಿಗೆ ನಾನು ನಮ್ಮ ಮಾತಿನಲ್ಲಿಯೇ "ಬಾ", ತಿರುಗಿಸಲು "ಹೊಳ್ಳು" ಎನ್ನುತ್ತಿದ್ದೆ. ತಿಂಗಳೊಪ್ಪತ್ತಿನಲ್ಲಿ ಆ ದೇಶದ ಎತ್ತುಗಳು ಕನ್ನಡ ಕೇಳಿ ಹೊಳ್ಳತೊಡಗಿದವು. ಎಸ್ನಾತ್ ಎನ್ನುವ ಹೆಣ್ಣುಮಗಳು ಗಟ್ಟಿ ದನಿಯಲ್ಲಿ "ಹೊಳ್ಳಾ" ಎಂದು ಕೂಗುವುದನ್ನು ಕೇಳಿದಾಗ ನನಗೆ ಸವದತ್ತಿಯ ಕಪ್ಪು ಎರೆ ಹೊಲದಲ್ಲಿ ನಿಂತಂತೆ ಆಗುತ್ತಿತ್ತು.

ಎಸ್ನಾತ್ ಮೊದಲ ಸಲ ಒಬ್ಬಳೇ ತನ್ನ ಹೊಲ ಹೊಡೆದ ದಿನ ನಾನು ಬದುವಿನ ಮೇಲೆ ನಿಂತಿದ್ದೆ. ಯಾರಾದರೂ ಬರುತ್ತಾರೆ, ಏನಾದರೂ ಹೇಳುತ್ತಾರೆ ಎಂದು ಕಾಯ್ದೆ. ಯಾರೂ ಬರಲಿಲ್ಲ. ಪಕ್ಕದ ಹೊಲದವರು ತಲೆ ಎತ್ತಿ ನೋಡಿ ಮತ್ತೆ ತಮ್ಮ ಕೆಲಸಕ್ಕೆ ಬಾಗಿದರು. ಅವಳು ನನ್ನ ಹತ್ತಿರ ಬಂದಾಗ ಕೈಬೀಸಿ ದೂರ ಸರಿ ಎಂದು ಸನ್ನೆ ಮಾಡಿದಳು. ಎತ್ತು ಹೊಳ್ಳಬೇಕಾದ ಜಾಗದಲ್ಲಿಯೇ ನಾನು ನಿಂತಿದ್ದೆ. ಸರಿದು ನಿಂತೆ, ಅವಳು ಎತ್ತು ಹೊಳ್ಳಿಸಿಕೊಂಡು ಹೋದಳು. ಆ ಕ್ಷಣದಲ್ಲಿ ನನಗೆ ಸ್ವಲ್ಪ ಬೇಜಾರೇ ಆಗಿತ್ತು, ಸುಳ್ಳು ಯಾಕೆ ಹೇಳಲಿ. ಒಂದು ಹಾರವಿಲ್ಲ, ಒಂದು ಫೋಟೋ ಇಲ್ಲ. ಫೋಟೋ ನಾನೇ ತೆಗೆದೆ.

ಎರಡು ವರ್ಷ ಮುಗಿಸಿ ತಿರುಗಿ ಬಂದಾಗ ನಮ್ಮೂರಿನಲ್ಲಿ ನನಗೆ ಸತ್ಕಾರದ ಸುಗ್ಗಿ. ರೋಟರಿಯಂಥ ಕ್ಲಬ್ಬಿನವರು, ಹೈಸ್ಕೂಲಿನವರು, ಓಣಿಯ ಗಣಪತಿ ಮಂಡಳಿಯವರು, ಎಲ್ಲರೂ ಕರೆದರು. ಶಾಲು, ಹಾರ, ತೆಂಗಿನಕಾಯಿ. "ಕತ್ತಲೆಯ ಖಂಡಕ್ಕೆ ಬೆಳಕು ಒಯ್ದ ಜೋಶಿಯವರು" ಎಂದು ಒಬ್ಬರು ಹೇಳಿದಾಗ ನಾನು ಒಪ್ಪಿಕೊಂಡವನಂತೆ ತಲೆಬಾಗಿಸಿ ಕುಳಿತಿದ್ದೆ. ಸುಧಾ ಬಾಗಿಲಲ್ಲಿಯೇ ತಡೆದು, "ಇನ್ನೊಂದು ಶಾಲು ತಂದ್ರ ನೋಡ್ರಿ ಮತ್ತ. ಕಪಾಟಿನ್ಯಾಗ ಜಾಗಾ ಇಲ್ಲ" ಎನ್ನುತ್ತಿದ್ದಳು.

ಹೊರಗೆ ಇಷ್ಟೆಲ್ಲ ನಡೆದರೂ ಒಳಗೆ ನನಗೆ ಏನೋ ಹೊಂದುತ್ತಿರಲಿಲ್ಲ. ಕಚೇರಿಯಲ್ಲಿ ಮತ್ತೆ ಅದೇ ಶಾಮಿಯಾನ, ಅದೇ ಖುರ್ಚಿ. ಒಂದು ಹೊಲದಲ್ಲಿ ದಿನಗಟ್ಟಲೆ ನಿಂತು ಕೆಲಸ ಮಾಡಿದ ಕಾಲು ಜೀಪಿನಲ್ಲಿ ಕುಳಿತು ಹಿಡಿದುಕೊಳ್ಳುತ್ತಿತ್ತು. ಅಲ್ಲಿ ಮಾಡಿದ ಹಾಗೆ ಇಲ್ಲಿಯೂ ಒಂದೇ ಒಂದು ಕೆಲಸ ಮಾಡಿ ನಿವೃತ್ತನಾಗಬೇಕು ಎಂದು ಬಹಳ ಆಸೆಯಾಗುತ್ತಿತ್ತು. ಅದೇ ಹೊತ್ತಿಗೆ ಸವದತ್ತಿಯ ಕಾರ್ಯಕ್ರಮ ಬಂತು.

ಸವದತ್ತಿಯಲ್ಲಿ ರೈತ ಮಹಿಳೆಯರ ಸಭೆ. ನಾನು ಪರದೆಯ ಮೇಲೆ ಆಫ್ರಿಕಾದ ಫೋಟೋ ತೋರಿಸುತ್ತಿದ್ದೆ. ಎಸ್ನಾತ್ ರಂಟೆ ಹಿಡಿದ ಫೋಟೋ ಬಂದಾಗ ಹಿಂದಿನ ಸಾಲಿನಿಂದ ಒಬ್ಬಳು ಎದ್ದು ನಿಂತಳು.

"ಸರ, ಆ ಹೆಣ್ಣಮಗಳಿಗೆ ಎತ್ತ ಹೊಡಿಯೂದು ನೀವ ಕಲಿಸೀರೇನ್ರಿ?"

"ಹೌದವಾ."

"ಹಂಗಾದ್ರ ನನಗೂ ಕಲಸ್ರಿ."

ಸಭೆಯಲ್ಲಿ ನಗೆ ಎದ್ದಿತು. ಹೆಂಗಸರೇ ಹೆಚ್ಚು ನಕ್ಕರು. ಅವಳು ಕುಳಿತುಕೊಳ್ಳಲಿಲ್ಲ. "ನಗೂದೇನೈತಿ? ನಂದೂ ಹೊಲ ಐತಿ, ಎತ್ತೂ ಅದಾವ" ಎಂದಳು.

ನಮ್ಮ ಕಡೆ ಕೂರಿಗೆಯ ಹಿಂದೆ ನಡೆದು ಬೀಜ ಬಿಡುವವರು ಹೆಂಗಸರೇ, ಕಳೆ ತೆಗೆಯುವವರು ಅವರೇ, ತೆನೆ ಮುರಿಯುವವರು ಅವರೇ. ಎತ್ತಿನ ಹಗ್ಗ ಮತ್ತು ರಂಟೆಯ ಹಿಡಿಕೆ ಮಾತ್ರ ಗಂಡಸಿನದು. ಹೆಣ್ಣು ರಂಟೆ ಮುಟ್ಟಿದರೆ ಮಳೆ ಹೋಗುತ್ತದೆ ಎನ್ನುತ್ತಾರೆ. ಇಷ್ಟು ವರ್ಷದ ನೌಕರಿಯಲ್ಲಿ ಇದು ಸರಿಯೋ ತಪ್ಪೋ ಎಂದು ನಾನು ಯೋಚನೆ ಕೂಡ ಮಾಡಿರಲಿಲ್ಲ. ಪರದೇಶದಲ್ಲಿ ಹೆಂಗಸಿನ ಕೈಗೆ ಹಗ್ಗ ಕೊಡುವುದು ಸುಲಭವಾಗಿತ್ತು, ಅಲ್ಲಿ ನನ್ನ ಊರಿನವರು ಯಾರೂ ನೋಡುತ್ತಿರಲಿಲ್ಲವಲ್ಲ. "ನೋಡೋಣು" ಎಂದು ಹೇಳಿ ಮುಂದಿನ ಫೋಟೋಕ್ಕೆ ಹೋದೆ.

ಸಭೆ ಮುಗಿದು ಹೊರಗೆ ಬಂದರೆ ಅವಳು ಜೀಪಿನ ಹತ್ತಿರ ನಿಂತಿದ್ದಳು. ಹೆಸರು ನೀಲವ್ವ, ಊರು ಮನೋಳಿ. ಗಂಡ ಕಿತ್ತೂರಿನ ಹತ್ತಿರ ಹೆದ್ದಾರಿಯ ಹೋಟೆಲಿನಲ್ಲಿ ಅಡಿಗೆ ಕೆಲಸಕ್ಕಿದ್ದ, ಊರಿಗೆ ಬರುವುದು ಅಮಾವಾಸ್ಯೆಗೋ ಹುಣ್ಣಿಮೆಗೋ. ಎರಡು ಎಕರೆ ಎರೆ ಹೊಲ. ಬಿತ್ತನೆಗೆ ಭಾವ ರುದ್ರಪ್ಪನ ಟ್ರ್ಯಾಕ್ಟರ್ ಕಾಯಬೇಕು.

"ಮಳಿ ಆದ ಮ್ಯಾಲೆ ಹದ ಎಷ್ಟ ದಿನಾ ನಿಂದರತೈತ್ರಿ ಸರ, ನಿಮಗ ಗೊತ್ತೈತಿ. ಭಾವ ಮೊದಲ ತಮ್ಮ ಹೊಲಾ ಬಿತ್ತತಾರ. ಆಮ್ಯಾಲೆ ಬಾಡಿಗಿ ಕೊಡಾವರದು. ನನ್ನ ಪಾಳಿ ಬರೂದ್ರಾಗ ನೆಲಾ ಒಣಗಿ ಹೆಂಟಿ ಆಗಿರತೈತಿ. ವರ್ಸಾ ಇದ ಹಾಡ. ಹೋರಿ ಮನಿಯಾಗ ಹುಟ್ಟ್ಯಾವ, ನಾನ ಜ್ವಾಪಾನ ಮಾಡೇನಿ. ಕೆಲಸಾ ಇಲ್ಲ ಅಂತ ಭಾವ ಮಾರ್ರಿ ಮಾರ್ರಿ ಅನ್ನಾಕ ಹತ್ಯಾರ."

ಹೊಸಬರಿಗೆ ಹದ ಎಂದರೆ ಪುಸ್ತಕದ ಮಾತು. ಎರೆ ನೆಲ ಮಳೆಯಾದ ಮೇಲೆ ಕೆಲವು ದಿನ ಮಾತ್ರ ಬೀಜ ತೆಗೆದುಕೊಳ್ಳುವ ಹಾಗಿರುತ್ತದೆ. ಮೊದಲು ಹೋದರೆ ಕೆಸರು, ಆಮೇಲೆ ಹೋದರೆ ಕಲ್ಲು. ಆ ನಡುವಿನ ದಿನಗಳು ಕೈತಪ್ಪಿದರೆ ಹಿಂಗಾರಿ ಜೋಳ ಅರ್ಧಕ್ಕೂ ಬರುವುದಿಲ್ಲ. ನೀಲವ್ವ ಕೇಳಿದ್ದು ಸಮಾನತೆಯನ್ನಲ್ಲ, ಯಾರ ದಾರಿಯನ್ನೂ ಕಾಯದೆ ಹದದಲ್ಲಿ ಬಿತ್ತುವುದನ್ನು. ಅದು ನನಗೆ ಅರ್ಥವಾಯಿತು. ಬರುತ್ತೇನೆ ಎಂದೆ.

ಆ ಮುಂಗಾರಿನಲ್ಲಿ ಬಿಡುವು ಸಿಕ್ಕಾಗಲೆಲ್ಲ ಬೆಳಗಿನ ಬಸ್ಸಿಗೆ ಮನೋಳಿಗೆ ಹೋದೆ. ಊರವರ ಕಣ್ಣು ತಪ್ಪಿಸಲು ಮಲಪ್ರಭಾ ದಂಡೆಯ ಬೀಳು ನೆಲದಲ್ಲಿ ಶುರು ಮಾಡಿದೆವು. ಒಂದು ಹೋರಿ ಹಂಡ್ಯಾ, ಇನ್ನೊಂದು ಬಿಳ್ಯಾ. ಮೊದಲು ಬರೀ ನೊಗ, ಆಮೇಲೆ ನೊಗಕ್ಕೆ ಕಟ್ಟಿದ ಕೊರಡು, ಆಮೇಲೆ ಕುಂಟೆ. ನೀಲವ್ವ ಬಾರಕೋಲು ಹಿಡಿಯಲೇ ಇಲ್ಲ. ಮನೆಯ ಮಕ್ಕಳನ್ನು ಬೈದ ಹಾಗೆ ಬೈಯುತ್ತ ನಡೆಸುತ್ತಿದ್ದಳು. "ಏ ಹಂಡ್ಯಾ, ಕಣ್ಣ ಎಲ್ಲಿ ಅದಾವೋ ನಿನ್ನೂ? ಬಿಳ್ಯಾನ ನೋಡಿ ಕಲಿ" ಎಂದರೆ ಹಂಡ್ಯಾ ನಿಜವಾಗಿ ನಾಚಿಕೆ ಬಂದವನ ಹಾಗೆ ಸಾಲಿಗೆ ಬರುತ್ತಿದ್ದ.

ಅವಳ ಅತ್ತೆ ಗಂಗವ್ವ ಮೊದಮೊದಲು ದೂರದಿಂದಲೇ ಗೊಣಗುತ್ತಿದ್ದಳು. "ಜೋಶ್ಯಾರ, ನೀವು ಪಂಚಾಂಗ ತಿಳದಾವರು, ನೀವ ಹಿಂಗ ಮಾಡಿದ್ರ ಮಳಿ ನಿಂದರತೈತೇನ್ರಿ?" ಎಂದು ಕೇಳಿದಳು. ಪಂಚಾಂಗದಲ್ಲಿ ಇದರ ಬಗ್ಗೆ ಏನೂ ಬರೆದಿಲ್ಲ ಎಂದೆ. ಆ ವರ್ಷ ಮಳೆ ತಪ್ಪಲಿಲ್ಲ. ಒಂದು ದಿನ ನಾನು ಹೋಗುವ ಹೊತ್ತಿಗೆ ಗಂಗವ್ವನೇ ಹೋರಿಗಳ ಕಣ್ಣಿ ಬಿಚ್ಚಿಕೊಂಡು ದಂಡೆಗೆ ಬರುತ್ತಿದ್ದಳು. ಕೂರಿಗೆ ಹಿಡಿದು ಸೊಸೆ ಮುಂದೆ, ಬೀಜ ಬಿಡಲು ಉಡಿ ಕಟ್ಟಿಕೊಂಡು ಅತ್ತೆ ಹಿಂದೆ, ಬೀಜವಿಲ್ಲದೆ ಬರೀ ಮಣ್ಣಿನಲ್ಲಿ ನಡೆದು ನೋಡಿದರು. ಸಾಲು ಹಗ್ಗ ಹಿಡಿದ ಹಾಗೆ ಬಂದಿತ್ತು. ನನ್ನ ಇಡೀ ನೌಕರಿಯಲ್ಲಿ ಅಷ್ಟು ಸಂತೋಷದ ಬೆಳಗು ಇನ್ನೊಂದಿಲ್ಲ. ಅಲ್ಲಿಗೆ ನನ್ನ ಕೆಲಸ ಮುಗಿದಿತ್ತು. ಹಿಂಗಾರಿ ಮಳೆ ಬರಬೇಕು, ಅವಳು ಬಿತ್ತಬೇಕು, ಇಷ್ಟೇ ಉಳಿದಿತ್ತು.

ಆದರೆ ಸುದ್ದಿ ಪಾಟೀಲ ಸಾಹೇಬರ ಕಿವಿಗೆ ಬಿತ್ತು. ಅವರು ನನ್ನನ್ನು ಕರೆಸಿ ಬೆನ್ನು ತಟ್ಟಿದರು.

"ಜೋಶಿಯವರ, ಇಂಥಾದ್ದು ಮಾಡಿ ಸುಮ್ಮನ ಕುಂತೀರಲ್ರಿ! ಇದನ್ನ ಕಾರ್ಯಕ್ರಮ ಮಾಡೂಣು. ಅಕಿ ಮೊದಲನೇ ಸಾಲು ಬಿತ್ತೂದನ್ನ ದೊಡ್ಡವರ ಕೈಲೆ ಉದ್ಘಾಟನಾ ಮಾಡಸೂಣು. ನಾಕ ಹಳ್ಳಿ ಹೆಣ್ಮಕ್ಕಳು ನೋಡ್ಲಿ."

ಸಾಹೇಬರು ಕೆಟ್ಟದ್ದನ್ನು ಹೇಳಿದವರಲ್ಲ. ನಾಲ್ಕು ಹಳ್ಳಿಯ ಹೆಣ್ಣುಮಕ್ಕಳು ನೋಡಲಿ ಎನ್ನುವುದು ನನಗೂ ಸರಿ ಅನಿಸಿತು. ಇಷ್ಟೇ ಅಲ್ಲ, ಎಸ್ನಾತಳ ಹೊಲದಲ್ಲಿ ಸಿಗದ ಚಪ್ಪಾಳೆ ಇಲ್ಲಿ ಸಿಗುತ್ತದೆ ಎಂದು ಮನಸ್ಸು ಒಳಗೊಳಗೇ ಕುಣಿಯಿತು. ಮನೋಳಿಗೆ ಹೋಗಿ ಹೇಳಿದೆ.

ನೀಲವ್ವನಿಗೆ ತಿಳಿಯಲಿಲ್ಲ. "ಯಾಕ್ರಿ ಸರ? ಹದ ಬಂದ್ರ ಬಿತ್ತೂದು. ಅದಕ್ಕ ಮಂದಿ ಯಾಕ ಬೇಕ್ರಿ?"

"ನಿನ್ನ ನೋಡಿ ಇನ್ನೊಬ್ಬಾಕಿ ಕಲೀತಾಳಲ್ಲವಾ. ಊರಾಗ ಇನ್ನ ಮ್ಯಾಲೆ ಯಾರೂ ನಿನಗ ಏನೂ ಅನ್ನಂಗಿಲ್ಲ. ದೊಡ್ಡವರು ಬಂದು ಹೋದ್ರ ಎಲ್ಲಾರ ಬಾಯಿ ಮುಚ್ಚತದ."

ಅವಳು ಗಂಗವ್ವನ ಮುಖ ನೋಡಿದಳು. "ಸರ ಹೇಳಾಕ ಹತ್ಯಾರಂದ್ರ ಆಗಲಿ ಬಿಡ" ಎಂದಳು ಗಂಗವ್ವ.

ಹಸ್ತಾ ಮಳೆ ಚೆನ್ನಾಗಿ ಬಿದ್ದು, ನಿಂತು ತೆರಪು ಕೊಟ್ಟಿತು. ಹದ ಬಂತು. ನೀಲವ್ವ ಫೋನು ಮಾಡಿಸಿದಳು, "ಸರ, ನಾಳಿ ಬಿತ್ತಲೇನ್ರಿ?" ಮುಖ್ಯ ಅತಿಥಿಗಳು ಬೆಳಗಾವಿಯಲ್ಲಿದ್ದರು. ಸಾಹೇಬರು, "ಇನ್ನೆರಡು ದಿನಾ ತಡೀರಿ, ಬರ್ತಾರ" ಎಂದರು. ನಾನು ಅದನ್ನೇ ಅವಳಿಗೆ ಹೇಳಿದೆ. ಎರಡು ದಿನ ಕಳೆದ ಮೇಲೆ ಮತ್ತೆ ಫೋನು. "ಸರ, ಮ್ಯಾಲಿನ ಮಣ್ಣ ಒಣಗಾಕ ಹತ್ತೈತ್ರಿ." ಅತಿಥಿಗಳ ತಾರೀಖು ಮತ್ತೆ ಮುಂದಕ್ಕೆ ಹೋಗಿತ್ತು. ಆಗಲೇ ಕರಪತ್ರ ಹಂಚಿಯಾಗಿತ್ತು, ಶಾಮಿಯಾನದವನಿಗೆ ಹೇಳಿಯಾಗಿತ್ತು, ಊಟಕ್ಕೆ ಗೋಧಿ ಹುಗ್ಗಿ ಎಂದು ನಿಶ್ಚಯವಾಗಿತ್ತು. "ಇನ್ನೊಂದೀಟು ತಡಿಯವಾ" ಎಂದೆ. ಆ ಕಡೆಯಿಂದ ಅವಳು "ಆತ್ರಿ" ಎಂದು ಫೋನು ಇಟ್ಟಳು.

ಮುಹೂರ್ತ ಹುಡುಕುವ ಮನೆತನದವನಿಗೆ ಆ ಹೊಲದ ಮುಹೂರ್ತ ಅತಿಥಿಗಳ ತಾರೀಖಿನಲ್ಲಿಲ್ಲ, ಮಣ್ಣಿನಲ್ಲಿದೆ ಎನ್ನುವುದು ಗೊತ್ತಿರಲಿಲ್ಲವೇ? ಗೊತ್ತಿತ್ತು. ಇಷ್ಟು ವರ್ಷ ರೈತರಿಗೆ ಭಾಷಣದಲ್ಲಿ ಹೇಳಿದ್ದೇ ಅದನ್ನು. ಭಾವನ ಟ್ರ್ಯಾಕ್ಟರ್ ವರ್ಷ ವರ್ಷ ಅವಳಿಗೆ ಏನು ಮಾಡುತ್ತಿತ್ತೋ ಅದನ್ನೇ ನಾವು ಹಾರ ತುರಾಯಿ ಸಮೇತ ಮಾಡುತ್ತಿದ್ದೆವು.

ಕಾರ್ಯಕ್ರಮದ ದಿನ ಶಾಮಿಯಾನವನ್ನು ಹೊಲದ ತಲೆಯಲ್ಲಿಯೇ ಹಾಕಿದ್ದರು. ಖುರ್ಚಿ ತಂದ ಟ್ರಾಲಿ ಬಿತ್ತುವ ನೆಲದ ಮೇಲೆಯೇ ಹಾಯ್ದು ಹೋಗಿತ್ತು. ಹಂಡ್ಯಾ ಬಿಳ್ಯಾನ ಮೈಮೇಲೆ ಜೂಲ, ಕೊರಳಿಗೆ ಹೊಸ ಗೆಜ್ಜೆಸರ, ಕೋಡಿಗೆ ಬಲೂನು ಕಟ್ಟಿದ್ದರು. ಬಲೂನು ಕಟ್ಟಿದವರು ಯಾರು ಎಂದು ಕೇಳಬೇಡಿ, ನಮ್ಮ ಕಚೇರಿಯವರೇ. ಕೂರಿಗೆಗೆ ಕೆಂಪು ಟೇಪು. ನೀಲವ್ವನಿಗೆ ಇಳಕಲ್ಲ ಸೀರೆ ಉಡಿಸಿ ವೇದಿಕೆಯ ಮೇಲೆ ಕೂರಿಸಿದ್ದರು. ಅವಳು ಸೆರಗಿನ ತುದಿ ಸುತ್ತುತ್ತ, ನೆಲದ ಕಡೆಗೇ ನೋಡುತ್ತಿದ್ದಳು. ಅತಿಥಿಗಳು ಬರುವ ಹೊತ್ತಿಗೆ ಹೊತ್ತು ನೆತ್ತಿಯ ಮೇಲಿತ್ತು. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ. ಪ್ರಾಸ್ತಾವಿಕ ನನ್ನದೇ. ನಾನು ಮಲಾವಿಯಿಂದ ಶುರು ಮಾಡಿದೆ.

ಆಮೇಲೆ ಅತಿಥಿಗಳು ಟೇಪು ಕತ್ತರಿಸಿದರು. ನೀಲವ್ವ ಹಗ್ಗ ಹಿಡಿದು "ಬಾ" ಎಂದಳು. ಎತ್ತು ಹೆಜ್ಜೆ ಎತ್ತಿದವು, ಗಂಗವ್ವ ಬೀಜದ ಬಟ್ಟಲಿಗೆ ಕೈ ಹಾಕಿದಳು. ಇನ್ನೇನು ಸಾಲು ಹಿಡಿಯಬೇಕು, ಬ್ಯಾಂಡಿನವರು ಎದೆ ಒಡೆಯುವ ಹಾಗೆ ಬಾರಿಸಿದರು. ಒಂದು ಬಲೂನು ಹಂಡ್ಯಾನ ಕಿವಿಯ ಹತ್ತಿರ ಒಡೆಯಿತು. ದಂಡೆಯ ಮೌನದಲ್ಲಿ ಅವಳ ದನಿ ಒಂದನ್ನೇ ಕೇಳಿ ಕಲಿತ ಹೋರಿಗಳು. ಬೆದರಿ ಒಂದೇ ನೆಗೆತಕ್ಕೆ ಓಡಿದವು. ಕೂರಿಗೆ ಪಲ್ಟಿಯಾಗಿ ನೆಲಕ್ಕೆ ಇಳಿಯುವ ಅದರ ತಾಳು ಮುರಿಯಿತು. ಎಲ್ಲರೂ "ಬಿಡ, ಬಿಡ" ಎಂದು ಕೂಗಿದರೂ ನೀಲವ್ವ ಹಗ್ಗ ಬಿಡಲಿಲ್ಲ. ಹೊಸ ಸೀರೆಯ ಸಮೇತ ಹೆಂಟೆಗಳ ಮೇಲೆ ಜಾರುತ್ತ ಹೋದಳು. ಬದುವಿನ ಹತ್ತಿರ ಎತ್ತು ತಾವಾಗಿಯೇ ನಿಂತವು.

ಜನ ನಕ್ಕರು. ಬಹಳ ಮಂದಿ ಅಲ್ಲ, ಆದರೆ ನಕ್ಕದ್ದು ಹೊಲದ ತುಂಬ ಕೇಳಿಸಿತು. ರುದ್ರಪ್ಪ ನಗಲಿಲ್ಲ. "ಹೆಣ್ಮಕ್ಕಳ ಕೈಯಾಗ ಕೊಡೂದಲ್ಲ ಅಂತ ನಾ ಮೊದಲ ಹೇಳಿದ್ನಿ" ಎಂದು ಸಾಹೇಬರಿಗೆ ಬಹಳ ವಿನಯದಿಂದ ಹೇಳಿದ. ಅತಿಥಿಗಳು ಕೈಗಡಿಯಾರ ನೋಡಿಕೊಂಡರು, ಸಾಹೇಬರು ಅವರನ್ನು ಊಟಕ್ಕೆ ಕರೆದೊಯ್ದರು. ನಾನು ನೀಲವ್ವನ ಹತ್ತಿರ ಓಡಿದೆ. ಅವಳ ಎರಡೂ ಅಂಗೈ ಸುಲಿದಿದ್ದವು. ಅವಳು ನನ್ನನ್ನು ನೋಡದೆ ಹಂಡ್ಯಾನ ಕೋಡಿನಿಂದ ಉಳಿದ ಬಲೂನು ಬಿಚ್ಚಿದಳು, ಜೂಲ ತೆಗೆದಳು, ಗೆಜ್ಜೆಸರ ತೆಗೆದಳು. ಎಲ್ಲವನ್ನೂ ಮಡಚಿ ಒಂದು ಖುರ್ಚಿಯ ಮೇಲಿಟ್ಟು, ಹೋರಿ ಹೊಡೆದುಕೊಂಡು ಮನೆಗೆ ಹೋದಳು. ಮರುದಿನದ ಪತ್ರಿಕೆಯಲ್ಲಿ ಅತಿಥಿಗಳು ಟೇಪು ಕತ್ತರಿಸುವ ಫೋಟೋ ಬಂತು, ಸುದ್ದಿಯಲ್ಲಿ ಕಾರ್ಯಕ್ರಮ ಯಶಸ್ವಿಯಾಗಿತ್ತು.

ಆ ಹೊಲವನ್ನು ಕೊನೆಗೆ ರುದ್ರಪ್ಪನೇ ಬಿತ್ತಿದ, ಹದವೆಲ್ಲ ಹೋದ ಮೇಲೆ. ಜೋಳ ಅಲ್ಲಲ್ಲಿ ಎದ್ದಿತು. ಹೋರಿಗಳನ್ನು ಆ ವರ್ಷವೇ ಸಂತೆಗೆ ಹೊಡೆದು ಮಾರಿದರು. ನಾನು ಹೊಸ ಕೂರಿಗೆ ಕೊಡಿಸಬೇಕೆಂದು ಕೆಲವು ಸಲ ಮನೋಳಿಗೆ ಹೋದೆ. ಪ್ರತಿ ಸಲ ಗಂಗವ್ವ ಬಾಗಿಲಲ್ಲಿ ಕೂರಿಸಿ ಚಹಾ ಕೊಟ್ಟಳು, "ನೀಲವ್ವ ಕಸಾ ತಗಿಯಾಕ ಹೋಗ್ಯಾಳ್ರಿ" ಎಂದಳು. ಯಾರ ಹೊಲಕ್ಕೆ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಪಾಟೀಲ ಸಾಹೇಬರು ಮಾತ್ರ ಮೊದಲಿನ ಹಾಗೆಯೇ ಪ್ರೀತಿಯಿಂದ, "ಆಗ್ತಿರತೈತಿ ಜೋಶಿಯವರ, ಮುಂದಿನ ಸಲ ಬ್ಯಾಂಡ ಬ್ಯಾಡ ಅನ್ನೂಣು" ಎಂದರು. ಅವರ ಪಾಲಿಗೆ ತಪ್ಪಿದ್ದು ಬ್ಯಾಂಡು. ನಾನು ನಿವೃತ್ತನಾದ ದಿನ ಅವರೇ ನನಗೆ ಶಾಲು ಹೊದಿಸಿದರು.

ಇದನ್ನು ಓದುವ ಹುಡುಗ ಹುಡುಗಿಯರಿಗೆ ನಾನು ಬುದ್ಧಿ ಹೇಳುವಷ್ಟು ದೊಡ್ಡವನಲ್ಲ. ಪರದೇಶಕ್ಕೆ ಹೋಗುವ ಅವಕಾಶ ಸಿಕ್ಕರೆ ಹೋಗಿ. ತಿರುಗಿ ಬಂದ ಮೇಲೆ ಜಾಗ್ರತೆಯಾಗಿರಿ. ಅಲ್ಲಿ ನಾನು ಚೆನ್ನಾಗಿ ಕೆಲಸ ಮಾಡಿದ್ದು ನಾನು ಒಳ್ಳೆಯವನೆಂದಲ್ಲ, ಅಲ್ಲಿ ನನಗೆ ವೇದಿಕೆ ಇರಲಿಲ್ಲ, ಅಷ್ಟೇ. ಇಷ್ಟು ಸಣ್ಣ ಮಾತು ನನಗೆ ನೀಲವ್ವನ ಹೊಲ ಕೆಟ್ಟ ಮೇಲೆ ತಿಳಿಯಿತು. ಸುಧಾ ಈಗಲೂ ಒಮ್ಮೊಮ್ಮೆ, "ಆ ಹೆಣ್ಣಮಗಳ ಸಲುವಾಗಿ ನಿಮಗ ನಿದ್ದಿ ಬರೂದಿಲ್ಲೇನು?" ಎಂದು ಕೇಳುತ್ತಾಳೆ. ನಿದ್ದೆ ಬರುತ್ತದೆ. ಆದರೆ ಹಸ್ತಾ ಮಳೆ ಬಿದ್ದು ತೆರಪಾದಾಗ ಮನಸ್ಸು ಮನೋಳಿಗೆ ಹೋಗುತ್ತದೆ, ಅದನ್ನು ತಡೆಯಲು ಆಗುವುದಿಲ್ಲ.

ಹೋದ ಹಿಂಗಾರಿಯಲ್ಲಿ ಸವದತ್ತಿಗೆ ನೆಂಟರ ಮನೆಗೆ ಹೋದವನು, ತಡೆಯದೆ ಮನೋಳಿಗೂ ಹೋದೆ. ಮಳೆ ನಿಂತು ಬಿಸಿಲು ಬಿದ್ದಿತ್ತು. ನೀಲವ್ವ ತನ್ನ ಹೊಲದ ಬದುವಿನ ಮೇಲೆ ಬೀಜದ ಚೀಲದ ಪಕ್ಕ ಕುಳಿತಿದ್ದಳು. ಕೂದಲು ಬೆಳ್ಳಗಾಗಿತ್ತು. ನನ್ನನ್ನು ಗುರುತು ಹಿಡಿದು ಎದ್ದು ನಿಂತಳು, "ಬರ್ರಿ ಸರ, ಕುಂಡ್ರಿ" ಎಂದು ಬದುವಿನ ಮೇಲೆ ಜಾಗ ಮಾಡಿಕೊಟ್ಟಳು. ಗಂಗವ್ವ ತೀರಿಕೊಂಡದ್ದನ್ನು ಹೇಳಿದಳು. ಗಂಡ ಇನ್ನೂ ಹೋಟೆಲಿನಲ್ಲಿಯೇ. ಟ್ರ್ಯಾಕ್ಟರ್ ಇವತ್ತು ಬರುತ್ತದೆ ಎಂದು ಭಾವ ಹೇಳಿದ್ದಾರಂತೆ, ಬೆಳಗಿನಿಂದ ಕಾಯುತ್ತಿದ್ದಳು. ನಾನು ಬಾಗಿ ಒಂದು ಹಿಡಿ ಮಣ್ಣು ತೆಗೆದು ಒತ್ತಿ ನೋಡಿದೆ. ಹದ ಇನ್ನೂ ಇತ್ತು, ಬಹಳವಿರಲಿಲ್ಲ.

ಎದೆಯಲ್ಲಿದ್ದದ್ದನ್ನು ಅಂದು ಹೇಳಿದೆ. "ನೀಲವ್ವಾ, ನನ್ನಿಂದ ಭಾಳ ದೊಡ್ಡ ಅನಾಹುತ ಆತು. ಈಗ ನನ್ನ ಮ್ಯಾಲೆ ಯಾವ ಸಾಹೇಬ್ರೂ ಇಲ್ಲ, ನನ್ನ ಹಿಂದ ಯಾರೂ ಬರೂದಿಲ್ಲ. ಒಂದು ಜೋಡಿ ಹೋರಿ ನೋಡೂಣು. ನಾ ಒಬ್ಬನ ಬಂದು ಮತ್ತ ಕಲಸ್ತೇನಿ."

ಅವಳು ಸಿಟ್ಟಾಗಲಿಲ್ಲ. ನಕ್ಕಳು ಕೂಡ, ನನ್ನನ್ನು ಸಮಾಧಾನ ಮಾಡುವವಳ ಹಾಗೆ.

"ಕಲಿಯೂದು ಏನ ಉಳದೈತ್ರಿ ಸರ? ನನಗ ಬರತೈತಿ. ಅವತ್ತೂ ಬರತಿತ್ತು."

"ಹೌದವಾ" ಎಂದೆ. ಸಂಜೆಯವರೆಗೆ ಇಬ್ಬರೂ ಬದುವಿನ ಮೇಲೆ ಕುಳಿತು ದಾರಿ ನೋಡಿದೆವು. ಟ್ರ್ಯಾಕ್ಟರ್ ಬರಲಿಲ್ಲ.